ಬೆಟ್ಟ ಕಾಣದ ಫೋಟೋ

"ಮೊದಲು ಬೂಟು ಬಿಚ್ಚಿ" ಎಂದಳು ಲೋಹಿತಾ.

ಎಂಟು ತಿಂಗಳು ವಾಟ್ಸ್ಯಾಪಿನಲ್ಲೇ ಪಾಠ ಹೇಳಿದ ಗುರುವನ್ನು ಪ್ರಭುದೇವ್ ಎದುರಿಗೆ ನೋಡುತ್ತಿದ್ದುದು ಅದೇ ಮೊದಲು. ಒಂದು ಒಳ್ಳೆಯ ಮಾತು ಜೋಡಿಸಿಕೊಂಡು, ಪಾವಗಡದ ವಳ್ಳೂರಿನಿಂದ ಮಧುಗಿರಿಯವರೆಗೆ ಬೈಕಿನ ಮೇಲೆ ಅದನ್ನೇ ಬಾಯಿಪಾಠ ಮಾಡುತ್ತಾ ಬಂದಿದ್ದ. ಬೂಟಿನ ಮಾತು ಕಿವಿಗೆ ಬಿದ್ದದ್ದೇ ತಡ, ಎಲ್ಲ ಮರೆತುಹೋಯಿತು.

"ನಮಸ್ಕಾರ ಮೇಡಂ, ನಾನು..."

"ಗೊತ್ತು. ಏರಿ ಮೇಲೆ ಧಪಧಪ ಅಂತ ಬಂದ್ರಲ್ಲ, ನನಗಿಂತ ಮುಂಚೆ ಮೀನಿಗೇ ಗೊತ್ತಾಯ್ತು ನೀವು ಬಂದಿದ್ದು."

ಪ್ರಭುದೇವ್ ಬೂಟು ಬಿಚ್ಚಿದ. ಎಡಗಾಲಿನ ಸಾಕ್ಸ್ ತೂತಾಗಿ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಲೋಹಿತಾ ಅದನ್ನು ನೋಡಿದಳು, ನೋಡಿಲ್ಲವೆಂಬಂತೆ ಕೆರೆಯ ಕಡೆ ತಿರುಗಿದಳು. ತಿರುಗಿದರೇನು ಬಂತು, ಕೆನ್ನೆಯ ಗುಳಿ ಅವಳ ನಗುವನ್ನು ಪಕ್ಕದಿಂದಲೇ ಹೇಳಿಬಿಟ್ಟಿತು.

ಆ ಗುಳಿಯ ವಿಷಯ ಎಂಟು ತಿಂಗಳ ಪಾಠದಲ್ಲಿ ಎಲ್ಲೂ ಬಂದಿರಲಿಲ್ಲ.

ಪ್ರಭುದೇವನಿಗೆ ಸೋಲಾರ್ ಪಾರ್ಕಿನಲ್ಲಿ ಕೆಲಸ. ಕಣ್ಣು ಹಾಯಿಸಿದಷ್ಟು ದೂರ ಪ್ಯಾನೆಲ್‌ಗಳು, ಮೇಲೆ ಉರಿಬಿಸಿಲು. ದಿನವಿಡೀ ಆ ಗಾಜಿನ ಹೊಲದಲ್ಲಿ ಓಡಾಡುವವನಿಗೆ ಒಂದಿಷ್ಟು ನೀರಿನ ಪಕ್ಕ ಸುಮ್ಮನೆ ಕೂರಬೇಕು ಅನ್ನಿಸಿದರೆ ತಪ್ಪೇನು? ಹಾಗೆ ಅನ್ನಿಸಿಯೇ 'ನಾಲ್ಕು ತಾಲೂಕು ಗಾಳದ ಬಳಗ' ಎಂಬ ಗ್ರೂಪು ಸೇರಿದ್ದ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಾನೂರು ಜನ ಮೀನಿನ ಹುಚ್ಚರು ಅದರಲ್ಲಿದ್ದರು. ಸೇರಿದ ದಿನವೇ ಒಂದು ಪ್ರಶ್ನೆ ಹಾಕಿದ: "ಬೆಂಡು ಮುಳುಗಿದರೆ ಏನು ಮಾಡಬೇಕು?"

ಗಾಳಕ್ಕೆ ಮೀನು ಕಚ್ಚಿದೆ ಎಂದು ತಿಳಿಯುವುದೇ ನೀರಿನ ಮೇಲೆ ತೇಲುವ ಬೆಂಡು ಮುಳುಗಿದಾಗ. ಗ್ರೂಪು ದಿನವಿಡೀ ನಕ್ಕಿತು. "ಈಜ್ಕೊಂಡು ಹೋಗಿ ಎತ್ಕೊಂಡ್ ಬಾರಪ್ಪ" ಎಂದು ಒಬ್ಬ ಬರೆದ. ಆಗ ಅಡ್ಮಿನ್ ಲೋಹಿತಾಳ ಒಂದೇ ಸಾಲು ಬಂತು: "ನಗ್ತಿರೋರೆಲ್ಲ ಹುಟ್ಟುವಾಗಲೇ ಗಾಳ ಹಿಡ್ಕೊಂಡು ಬಂದಿದ್ರಾ?" ಗ್ರೂಪು ತೆಪ್ಪಗಾಯಿತು. ಐದು ನಿಮಿಷಕ್ಕೆ ಅವನೊಬ್ಬನಿಗೇ ಒಂದು ವಾಯ್ಸ್ ಮೆಸೇಜ್. "ಮೊದಲು ಗಂಟು ಹಾಕೋದು ಕಲೀರಿ. ದಾರ ಏಳು ಸುತ್ತು ಸುತ್ತಬೇಕು. ಎಳೆಯೋ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡ್ಬೇಕು. ಅಸಹ್ಯ ಅಂದ್ಕೊಂಡ್ರೆ ಮೀನು ತಪ್ಪಿಸ್ಕೊಳ್ಳುತ್ತೆ."

ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಅವಳದೊಂದು ಜೆರಾಕ್ಸ್ ಅಂಗಡಿ. ಜನರಿಗೆ ಪಹಣಿ ತೆಗೆದುಕೊಡುತ್ತಾ, ಅರ್ಜಿ ತುಂಬಿಕೊಡುತ್ತಾ, ನಡುನಡುವೆ ಪಾಠ ಕಳಿಸುತ್ತಿದ್ದಳು. ಅವಳ ದನಿಯ ಹಿಂದೆ ಸದಾ ಪ್ರಿಂಟರಿನ ಸದ್ದು. ಬರಬರುತ್ತಾ ಪ್ರಭುದೇವನ ಗತಿ ಏನಾಯಿತೆಂದರೆ, ಆಫೀಸಿನಲ್ಲಿ ಯಾರಾದರೂ ಪ್ರಿಂಟ್ ಕೊಟ್ಟರೆ ಇವನ ಎದೆ ಹೊಡೆದುಕೊಳ್ಳತೊಡಗಿತು.

"ಏಂರಾ, ಮೀನು ಟೀಚರಮ್ಮ ಇವತ್ತೇನು ಪಾಠ ಹೇಳ್ದ್ಲು?" ಎಂದು ಅಮ್ಮ ಊಟಕ್ಕೆ ಕೂತಾಗಲೆಲ್ಲ ಕೆಣಕುವಳು. ಈ ದಿನ ಅವಳೇ ಒಂದು ಡಬ್ಬಿ ಕಡಲೆಕಾಯಿ ಉಂಡೆ ಕಟ್ಟಿ ಕಳಿಸಿದ್ದಳು, ಟೀಚರಮ್ಮನಿಗೆಂದು.

ಲೋಹಿತಾ ಉಂಡೆ ಬಾಯಿಗಿಟ್ಟುಕೊಂಡು ಕೇಳಿದಳು, "ಇದು ನನಗೆ. ಮೀನಿಗೆ?"

ಅವನು ಬ್ಯಾಗಿನಿಂದ ಕಡಲೆಕಾಯಿ ಹಿಂಡಿ ತೆಗೆದ. ಅವಳು ಅದನ್ನು ತವುಡಿನ ಜೊತೆ ನಾದಿ ಗಾಳಕ್ಕೆ ಮೆತ್ತಿದಳು. ಹತ್ತೂವರೆಗೆ ಬೆಂಡು ಮುಳುಗಿತು.

"ಈಗೇನು ಮಾಡ್ಬೇಕು?" ಎಂದು ಅವಳೇ ಕೇಳಿದಳು, ಕಣ್ಣಲ್ಲಿ ತುಂಟತನ ತುಂಬಿಕೊಂಡು.

"ಈಜ್ಕೊಂಡು ಹೋಗಿ ಎತ್ಕೊಂಡು ಬರ್ಬೇಕು!"

"ಎಳೀರಿ ಮಾರಾಯ್ರೇ, ಎಳೀರಿ! ಬಿಗೀಬೇಡಿ... ಬಿಡಿ, ಸ್ವಲ್ಪ ಓಡ್ಲಿ... ಹಾಂ, ಈಗ!"

ಇಪ್ಪತ್ತು ನಿಮಿಷದ ಜಗ್ಗಾಟ. ಕೊನೆಗೆ ದಡಕ್ಕೆ ಬಂದದ್ದು ಒಂಬತ್ತು ಕೆಜಿ ಕಾಟ್ಲ. ಪ್ರಭುದೇವ್ ನಿಂತಲ್ಲೇ ಕುಣಿದ. ಅವನಿಗಿಂತ ಹೆಚ್ಚು ಕುಣಿದವಳು ಲೋಹಿತಾ. ಮಂಡಿಯುದ್ದ ನೀರಿನಲ್ಲಿ ನಿಂತು ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಾಯ್ತುಂಬ ನಕ್ಕಳು. ಅವನು ಫೋನ್ ತೆಗೆದು ಕ್ಲಿಕ್ಕಿಸಿದ. ಆಮೇಲೆ ಇಬ್ಬರೂ ಸೇರಿ ಮೀನನ್ನು ನೀರಿಗೆ ಬಿಟ್ಟರು.

ಊರು ಸೇರುವಷ್ಟು ತಾಳ್ಮೆಯೂ ಇರಲಿಲ್ಲ ಅವನಿಗೆ. ದಾರಿಯ ಟೀ ಅಂಗಡಿಯಲ್ಲಿ ನಿಂತು ಆ ಫೋಟೋ ಗ್ರೂಪಿಗೆ ಹಾಕಿದ. ಕೆಳಗೆ ಬರೆದ: "ಮೀನು ನನ್ನದು. ಕಲಿಸಿದ ಕೈ ಇವರದು. ನನ್ನ ಗುರು."

ಅಲ್ಲಿಗೆ ಬಳಗದ ಮೊಟ್ಟಮೊದಲ ನಿಯಮ ಮುರಿದುಬಿತ್ತು.

ನಿಯಮ ಇಷ್ಟೇ: ಫೋಟೋದಲ್ಲಿ ಬೆಟ್ಟ ಬರಬಾರದು. ಮಧುಗಿರಿಯ ಬೆಟ್ಟ ಒಂದೇ ಬಂಡೆ. ಒಂದೊಂದು ಊರಿನಿಂದ ನೋಡಿದರೆ ಒಂದೊಂದು ಥರ ಕಾಣುತ್ತದೆ. ಅದರ ಬೆನ್ನು ಯಾವ ಕಡೆ ಇಳಿದಿದೆ ಎಂದು ನೋಡಿದರೆ ಸಾಕು, ಇದು ಇಂಥ ಊರಿನ ಕೆರೆ ಎಂದು ನಮ್ಮ ಕಡೆಯವರು ಕೂತಲ್ಲೇ ಹೇಳುತ್ತಾರೆ. ಮೀನಿರುವ ಕೆರೆಗೆ ಜನ ನುಗ್ಗದಿರಲಿ ಎಂದೇ ಬಳಗದವರು ಬೆನ್ನ ಹಿಂದೆ ಬರೀ ನೀರು ಬರುವಂತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಪ್ರಭುದೇವ್ ಹಾಕಿದ ಫೋಟೋದಲ್ಲಿ ಲೋಹಿತಾಳ ಹೆಗಲ ಹಿಂದೆ ಅಷ್ಟೂ ಬೆಟ್ಟ ನಿಂತಿತ್ತು.

ಆ ಕೆರೆಗೆ ಜಕ್ಕಲಕಟ್ಟೆ ಎಂದು ಹೆಸರು. ಲೋಹಿತಾಳ ತಾತ ಸಣ್ಣರಂಗಯ್ಯ ಅಲ್ಲಿ ನಲವತ್ತು ವರ್ಷ ನೀರುಗಂಟಿಯಾಗಿದ್ದವರು. ತೂಬೆತ್ತಿ ಗದ್ದೆಗದ್ದೆಗೆ ನೀರು ಹಂಚಿದವರು. ಹೊರಗಿನವರಿಗೆ ಊರು ಗಾಳ ಹಾಕಲು ಬಿಡುತ್ತಿರಲಿಲ್ಲ. ಮುದುಕರು "ನನ್ ಮೊಮ್ಮಗಳ ಜವಾಬ್ದಾರಿ ನಂದು" ಎಂದು ಮಾತು ಕೊಟ್ಟ ಮೇಲೆ ಭಾನುವಾರ ಎರಡೇ ಎರಡು ಗಾಳಕ್ಕೆ ಒಪ್ಪಿಗೆ ಸಿಕ್ಕಿತ್ತು. ಅದರಲ್ಲಿ ಒಂದನ್ನು ಅವಳು ಪ್ರಭುದೇವನಿಗೆ ಕೊಟ್ಟಿದ್ದಳು.

ಮುಂದಿನ ಭಾನುವಾರ ಜಕ್ಕಲಕಟ್ಟೆಗೆ ಮೂವತ್ತೆರಡು ಬೈಕು ಬಂದವು. ಬಳಗದವರು ಕೆಲವರು, ಫಾರ್ವರ್ಡ್ ಆದ ಫೋಟೋ ನೋಡಿ ಬಂದ ಬೇರೆಯವರು ಬಹಳ. ಯಾರೋ ಬಲೆಯನ್ನೇ ಬೀಸಿದರು. ಯಾರೋ ಬಾಟಲಿ ಒಡೆದರು. ಸಂಜೆ ನೀರಿಗಿಳಿದ ಎಮ್ಮೆಯ ಕಾಲು ಗಾಜಿಗೆ ಸೀಳಿತು. ಊರಿನ ಹಿರಿಯ ಗಂಗಹನುಮಯ್ಯನವರು ಜನ ಸೇರಿಸಿ ಹೇಳಿಬಿಟ್ಟರು, "ಇನ್ಮ್ಯಾಕೆ ಈ ಕೆರೇಲಿ ಯಾರೂ ಗಾಳ ಹಾಕಂಗಿಲ್ಲ. ಲೋಹಿತಾನೂ ಹಾಕಂಗಿಲ್ಲ." ಸಣ್ಣರಂಗಯ್ಯ ತಲೆ ತಗ್ಗಿಸಿ ಎದ್ದು ಬಂದರು.

ಲೋಹಿತಾ ಅಡ್ಮಿನ್ ಬಿಟ್ಟಳು, ಗ್ರೂಪನ್ನೂ ಬಿಟ್ಟಳು. ಪ್ರಭುದೇವನಿಗೆ ಒಂದು ಮೆಸೇಜ್ ಬಂತು: "ಮೀನು ಚೆನ್ನಾಗಿತ್ತು. ಇನ್ನು ನನಗೆ ಮೆಸೇಜ್ ಮಾಡಬೇಡಿ."

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಮೂರು ದಿನ ಅನ್ನ ಸೇರಲಿಲ್ಲ. ಮೆಸೇಜ್ ಮಾಡಬೇಡಿ ಎಂದ ಮೇಲೆ ಮಾಡುವ ಹಾಗಿಲ್ಲ. ಗುರು ಹೇಳಿದ್ದನ್ನು ಒಮ್ಮೆ ಮೀರಿ ನೋಡಿದ್ದಾಗಿತ್ತು. ನಾಲ್ಕನೆಯ ದಿನ, ಪ್ಯಾನೆಲ್‌ಗಳ ನೆರಳಿನಲ್ಲಿ ಕೂತು, ಗ್ರೂಪಿಗೇ ಒಂದು ವಾಯ್ಸ್ ಮೆಸೇಜ್ ಹಾಕಿದ.

"ಎಲ್ರಿಗೂ ನಮಸ್ಕಾರ. ಬೆಟ್ಟ ಬಂದಿದ್ದು ನನ್ನ ಫೋಟೋದಲ್ಲಿ. ಆ ತಪ್ಪಿಗೆ ಲೋಹಿತಾ ಮೇಡಂ ಕೆರೆ ಹೋಯ್ತು, ಅವ್ರ ತಾತನ ಮಾತು ಹೋಯ್ತು. ಬೆಂಡು ಮುಳುಗಿದ್ರೆ ಏನ್ಮಾಡ್ಬೇಕು ಅಂತ ಗೊತ್ತಿಲ್ದೋನಿಗೆ ಅವರು ಎಂಟು ತಿಂಗಳು ಕಲಿಸಿದ್ರು. ಒಂದು ದಿನಾನೂ ಬೇಜಾರು ಮಾಡ್ಕೊಳ್ಳಲಿಲ್ಲ. ಬರೋ ಭಾನುವಾರ ನಾನು ಜಕ್ಕಲಕಟ್ಟೆಗೆ ಹೋಗ್ತೀನಿ. ಗಾಳ ತಗೊಂಡಲ್ಲ, ಗೋಣಿಚೀಲ ತಗೊಂಡು. ಗಾಜು ಆಯೋಕೆ. ಯಾರೂ ಬರದಿದ್ರೂ ಹೋಗ್ತೀನಿ."

ಮೊದಲು ಮಾತಾಡಿದವರು ಶಿರಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಸ್ರುಲ್ಲಾ ಸಾಹೇಬರು. "ಅರೆ ಭಾಯ್, ಐವತ್ತೆಂಟು ವಯಸ್ಸಾದ್ಮೇಲೆ ಗಾಳ ಹಿಡಿದೋನು ನಾನು. ನನಗೂ ಗಂಟು ಕಲ್ಸಿದ್ದು ಆ ಹುಡುಗೀನೇ. ಹತ್ತು ಸಲ ಕೇಳಿದ್ರೆ ಹತ್ತು ಸಲ ಹೇಳಿದ್ಲು. ನಾನೂ ಬರ್ತೀನಿ."

"ನನಗೂ ಅವರೇ" ಎಂದು ಕೊರಟಗೆರೆಯ ನರ್ಸ್ ಬಿಂದುಶ್ರೀ ಬರೆದಳು. ಆಮೇಲೆ "ನನಗೂ", "ನನಗೂ" ಎಂದು ಒಂದರ ಹಿಂದೊಂದು ಬಂದವು. ಮೊದಲ ದಿನ ಈಜಿ ಎತ್ಕೊಂಡು ಬಾ ಎಂದು ಗೇಲಿ ಮಾಡಿದ್ದವನೂ ಬರೆದ, "ನನಗೂ." ಪ್ರಭುದೇವ್ ಸ್ಕ್ರೀನ್ ನೋಡುತ್ತಾ ಕೂತ. ಇವಳು ಇಷ್ಟು ಜನಕ್ಕೆ ಕಲಿಸಿದ್ದಾಳೆ, ಯಾರ ಮುಂದೆಯೂ ಹೇಳಿಕೊಂಡಿಲ್ಲ. ಅಂಥವಳ ಶಿಷ್ಯ ನಾನು ಎಂದು ಅವನಿಗೆ ಎದೆ ಉಬ್ಬಿತು, ಕಣ್ಣೂ ತುಂಬಿತು.

ಫೋನಿನಲ್ಲಿ ನನಗೂ ಎನ್ನುವುದು ಸುಲಭ. ಮೊದಲ ಭಾನುವಾರ ಬಂದವರು ಏಳೇ ಜನ. ಗಂಗಹನುಮಯ್ಯ ಏರಿಯ ಮೇಲೆ ಕೈಕಟ್ಟಿ ನಿಂತು ಸಂಜೆಯವರೆಗೆ ಕಾವಲು ಕಾದರು, ಯಾರ ಚೀಲದಲ್ಲಾದರೂ ಗಾಳ ಇದೆಯೇನೋ ಎಂದು. ಎರಡನೆಯ ವಾರ ಹದಿನೆಂಟು ಜನ. ಗಾಜು ಮುಗಿದಿತ್ತು, ಏರಿಯ ಮೇಲೆ ಬೆಳೆದಿದ್ದ ಜಾಲಿ ಕಡಿದರು. ಅಂದು ಮಧ್ಯಾಹ್ನ ಸಣ್ಣರಂಗಯ್ಯ ಒಂದು ಕೊಡ ಮಜ್ಜಿಗೆ ಹೊರಿಸಿಕೊಂಡು ಬಂದರು. "ಮೊಮ್ಮಗ್ಳು ಕಳ್ಸವ್ಳೆ. ಅವ್ಳು ಬರಾಕಿಲ್ವಂತೆ" ಎಂದು ಯಾರೂ ಕೇಳದಿದ್ದರೂ ಹೇಳಿದರು. ಮಜ್ಜಿಗೆಗೆ ಉಪ್ಪು ಜಾಸ್ತಿಯಾಗಿತ್ತು. ಪ್ರಭುದೇವ್ ಮೂರು ಲೋಟ ಕುಡಿದ.

ಮೂರನೆಯ ಭಾನುವಾರ ನಲವತ್ತು ಜನ ಸೇರಿದರು. ಪ್ರಭುದೇವ್ ಬರಿಗಾಲಲ್ಲಿ ಕೂತು, ಕಸ ತುಂಬಿದ ಗೋಣಿಚೀಲದ ಬಾಯಿ ಕಟ್ಟುತ್ತಿದ್ದ. ಹಿಂದೆ ಬಂದು ನಿಂತವರ ನೆರಳು ಚೀಲದ ಮೇಲೆ ಬಿತ್ತು.

"ಎಷ್ಟು ಸುತ್ತು ಹಾಕಿದೀರಾ?"

ಅವನ ಕೈ ಅಲ್ಲೇ ನಿಂತಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. "ಏಳು. ನೀವು ಹೇಳಿದ್ದು ಏಳೇ."

"ಎಂಜಲು?"

"ಕಸದ ಚೀಲಕ್ಕೂ ಹಚ್ಚಬೇಕಾ ಮೇಡಂ?"

ಅವಳು ನಗಲಿಲ್ಲ. ಎದುರಿಗೆ ಬಂದು ಕಲ್ಲಿನ ಮೇಲೆ ಕೂತಳು. ಕಣ್ಣು ಕೆಂಪಾಗಿದ್ದವು. "ನನಗೆ ಕೋಪ ಇನ್ನೂ ಹೋಗಿಲ್ಲ. ಕೇಳದೆ ನನ್ನ ಫೋಟೋ ಹಾಕಿದ್ದು ಒಂದು ತಪ್ಪು. ಬೆಟ್ಟ ಹಾಕಿದ್ದು ಇನ್ನೊಂದು. ಬೇರೆ ಯಾರಾದ್ರೂ ಆಗಿದ್ರೆ ಪರವಾಗಿಲ್ಲ ಅಂತಿದ್ದೆ. ನೀವೇ ಹಿಂಗೆ ಮಾಡಿದ್ರಲ್ಲ ಅಂತ ಅತ್ತೆ."

"ತಪ್ಪಾಯ್ತು."

"ಅಲ್ಲ, ಅಷ್ಟು ದೊಡ್ಡ ಬೆಟ್ಟ ಕಣ್ಣಿಗೆ ಕಾಣ್ಲಿಲ್ವಾ ನಿಮಗೆ?"

"ಇಲ್ಲ" ಎಂದ ಪ್ರಭುದೇವ್. "ನೀವು ನಗ್ತಿದ್ರಿ."

ನಾನೂರು ಜನರ ಬಾಯಿ ಮುಚ್ಚಿಸಿದ್ದ ಲೋಹಿತಾ ಕೆಳಗೆ ಬಿದ್ದಿದ್ದ ದಾರ ಎತ್ತಿಕೊಂಡು ಬೆರಳಿಗೆ ಸುತ್ತತೊಡಗಿದಳು. ಕಿವಿಯ ತುದಿ ಕೆಂಪಗಾಗಿತ್ತು. ಗುಳಿ ಮೂಡಲೋ ಬೇಡವೋ ಎಂದು ಕೆನ್ನೆಯ ಮೇಲೆ ಅನುಮಾನಿಸುತ್ತಿತ್ತು.

ಅಷ್ಟರಲ್ಲಿ ಏರಿಯ ಕಡೆಯಿಂದ ಗಂಗಹನುಮಯ್ಯನವರ ದನಿ ಬಂತು. "ಏನಮ್ಮಾ ಲೋಹಿತಾ, ಬಾ ಇಲ್ಲಿ." ಎಲ್ಲರೂ ಸುತ್ತ ಸೇರಿದರು. ಹಿರಿಯರು ಒಮ್ಮೆ ಗಂಟಲು ಸರಿಮಾಡಿಕೊಂಡರು. "ಮೂರು ವಾರದಿಂದ ನೋಡ್ತಾ ಇವ್ನಿ. ಒಬ್ನಾದ್ರೂ ಗಾಳ ತಂದಿಲ್ಲ. ನೀನು ಕಲ್ಸಿರೋ ಜನ ಅಂತೆ ಇವ್ರು. ಹೆಂಗೆ ಕಲ್ಸಿದ್ದೀಯ ಅಂತ ಗೊತ್ತಾಯ್ತು ಬುಡು. ಇನ್ನು ಭಾನುವಾರ ಎರಡು ಗಾಳ. ಯಾರು ಬರ್ಬೇಕು, ಯಾರು ಬ್ಯಾಡ ಅನ್ನೋದು ಊರು ಹೇಳಾಕಿಲ್ಲ. ನೀನೇ ಹೇಳು."

ನಸ್ರುಲ್ಲಾ ಸಾಹೇಬರು ಮೊದಲು ಚಪ್ಪಾಳೆ ಹೊಡೆದರು. ನಲವತ್ತು ಜನರ ಚಪ್ಪಾಳೆಗೆ ಕೆರೆಯಂಗಳದ ಕೊಕ್ಕರೆಗಳೆಲ್ಲ ಎದ್ದವು. ಸಣ್ಣರಂಗಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡು ಪಕ್ಕದವರಿಗೆ ಹೇಳುತ್ತಿದ್ದರು, "ನಲವತ್ ವರ್ಸ ನೀರುಗಂಟಿ ಆಗಿದ್ದೆ ಕಣಪ್ಪ. ಏರಿ ಕೆಲ್ಸಕ್ಕೆ ಬನ್ರೋ ಅಂತ ಕೂಗುದ್ರೆ ನಾಕ್ ಜನ ಬತ್ತಿರ್ಲಿಲ್ಲ. ನನ್ ಮೊಮ್ಮಗ್ಳು ಕರೀದೇನೇ ನಲವತ್ ಜನ ಬಂದವ್ರೆ!"

ಜನ ಚದುರಿದ ಮೇಲೆ ಪ್ರಭುದೇವ್ ಬೂಟು ಹಾಕಿಕೊಳ್ಳುತ್ತಿದ್ದ. ಸಾಕ್ಸ್ ಈ ಸಲ ಹೊಸದು. ಲೋಹಿತಾ ಅದನ್ನೂ ನೋಡಿದಳು.

"ಫೋನ್ ತೆಗೀರಿ" ಎಂದಳು. "ಒಂದು ಫೋಟೋ ತೆಗೀಬೇಕು."

ಅವನು ಕಲಿತ ಪಾಠದಂತೆ, ಬೆನ್ನಿಗೆ ಬರೀ ನೀರು ಬರುವ ಹಾಗೆ ಹೋಗಿ ನಿಂತ. ಅವಳು ಬಂದು ಅವನ ತೋಳು ಹಿಡಿದು ಪೂರ್ತಿ ಆಚೆ ತಿರುಗಿಸಿದಳು. ತಾನೂ ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ನಿಂತಳು.

"ಬೆಟ್ಟ ಬರುತ್ತೆ" ಎಂದ ಅವನು ಗಾಬರಿಯಿಂದ.

"ಬರ್ಲಿ."

"ನಿಯಮ?"

"ಅದು ಮೀನಿನ ಫೋಟೋಗೆ. ಇದರಲ್ಲಿ ಮೀನೆಲ್ಲಿದೆ?" ಎಂದು ಅವಳು ಫೋನನ್ನು ನೋಡುತ್ತಲೇ ಹೇಳಿದಳು. ಈಗ ಗುಳಿ ನಿಸ್ಸಂಕೋಚವಾಗಿ ಮೂಡಿತ್ತು. "ಇದು ಗ್ರೂಪಿಗಲ್ಲ. ನಿಮ್ಮ ಅಮ್ಮನಿಗೆ ಕಳ್ಸಿ. ಉಂಡೆ ಚೆನ್ನಾಗಿತ್ತು ಅಂತ ಹೇಳಿ. ಹುಡುಗಿ ಯಾವ ಊರು ಅಂತ ಕೇಳಿದ್ರೆ, ಬೆಟ್ಟ ನೋಡ್ಕೊಂಡು ಬರೋಕೆ ಹೇಳಿ."