ಅವಳು ಕೇಳಿದ ಕೊನೆಯ ಕಾಗದ

"ನೆಕ್ಸ್ಟ್..." ಎಂದು ತಲೆ ಎತ್ತಿದ ಸಂಯುಕ್ತಾಳ ಪೆನ್ನು ಅಲ್ಲೇ ನಿಂತುಬಿಟ್ಟಿತು.

ಎದುರಿಗೆ ಯಶಸ್ ನಿಂತಿದ್ದ.

ಮೂರು ವರ್ಷ ಎಂಟು ತಿಂಗಳು! ಅದೇ ಚೂಪು ಮೂಗು, ಅದೇ ಬಾಚಣಿಗೆಗೆ ಬಗ್ಗದ ಕೂದಲು. ಕಣ್ಣಿನ ಕೆಳಗೆ ಮಾತ್ರ ಕಪ್ಪಾಗಿತ್ತು. 'ಆಗಲಿ, ಇನ್ನೂ ಆಗಲಿ' ಎಂದುಕೊಂಡಳು.

"ನೀನು... ನೀವು ಇಲ್ಲಿ ಕೆಲ್ಸ ಮಾಡ್ತೀರಾ?"

"ಬೋರ್ಡ್ ಮೇಲೆ ಹೆಸರಿದೆಯಲ್ಲ. ಕೂತ್ಕೊಳ್ಳಿ."

ಕ್ಯಾಲಿಫೋರ್ನಿಯಾದ ಹೇವರ್ಡಿನ ಆ ಕಾಲೇಜಿನಲ್ಲಿ, ಬೇರೆ ದೇಶದಲ್ಲಿ ಓದಿ ಬಂದವರ ಕೋರ್ಸುಗಳ ಕ್ರೆಡಿಟ್ಟುಗಳನ್ನು ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಸಂಯುಕ್ತಾಳ ಕೆಲಸ. ಯಶಸ್ ಪಾಲೋ ಆಲ್ಟೋದ ಕಂಪನಿ ಬಿಟ್ಟು ಹೈಸ್ಕೂಲ್ ಮೇಷ್ಟ್ರಾಗಲು ಹೊರಟಿದ್ದ. ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಆದರೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಜರ್ಮನಿಯ ಫ್ರೈಬುರ್ಗಿನಲ್ಲಿ ಓದಿದ ಭೂವಿಜ್ಞಾನದ ಕೋರ್ಸನ್ನು ಈ ಕಾಲೇಜು ಮುಂದಿನ ಶುಕ್ರವಾರದೊಳಗೆ ಒಪ್ಪಬೇಕು. ಇಲ್ಲದಿದ್ದರೆ ಸೀಟು ಹೋದಂತೆ.

ಅದೇ ಫ್ರೈಬುರ್ಗ್, ಅದೇ ಸೆಮಿಸ್ಟರ್, ಅದೇ ಕೋರ್ಸು! ಬೇಡಿಕೊಂಡಿದ್ದರೂ ಇಂಥ ಅವಕಾಶ ಸಿಗುತ್ತಿರಲಿಲ್ಲ.

ಫಾರಂನ ಮೊದಲ ಪ್ರಶ್ನೆ ಕಡತ ನೋಡುವವರಿಗೆ. 'ಅರ್ಜಿದಾರರ ಜೊತೆ ನಿಮಗೆ ವೈಯಕ್ತಿಕ ಸಂಬಂಧ ಇದೆಯೇ?'

ಸಂಯುಕ್ತಾ 'ಇಲ್ಲ' ಎಂಬಲ್ಲಿ ಗುರುತು ಹಾಕಿದಳು. ಕಾಗದ ಹರಿಯುವುದೊಂದು ಬಾಕಿ, ಅಷ್ಟು ಒತ್ತಿ.

'ಇವನೇ ಹೇಳಿಕೊಟ್ಟ ಉತ್ತರ ತಾನೇ...'

ಇಬ್ಬರೂ ಬರ್ಕ್ಲಿಯಲ್ಲಿ ಓದುತ್ತಿದ್ದಾಗ ಒಟ್ಟಿಗೆ ಫ್ರೈಬುರ್ಗಿಗೆ ಹೋದವರು. ಒಂದೇ ಹಾಸ್ಟೆಲ್, ಒಂದೇ ಟ್ರಾಮು, ಒಂದೇ ಪುಟ್ಟ ಕುಕ್ಕರಿನ ಚಿತ್ರಾನ್ನ. ಗೆಳೆಯನಾಗಿದ್ದವನು ಯಾವಾಗ ಅದಕ್ಕಿಂತ ಹೆಚ್ಚಾದನೋ ಅವಳಿಗೇ ತಿಳಿಯಲಿಲ್ಲ. ಡಿಸೆಂಬರಿನ ಒಂದು ಸಂಜೆ ಅವನು ಮೊದಲ ಸಲ ಅವಳ ಕೈ ಹಿಡಿದ. ಸರಿಯಾಗಿ ಆಗಲೇ ಅವನ ಅಮ್ಮನ ವಿಡಿಯೋ ಕಾಲ್ ಬಂತು.

"ಪಕ್ಕದಲ್ಲಿ ಯಾರೋ ಅದು?"

"ಯಾರೂ ಇಲ್ಲಮ್ಮ. ಕ್ಲಾಸ್‌ಮೇಟು ಅಷ್ಟೇ."

ಹಿಡಿದಿದ್ದ ಕೈಯನ್ನೂ ಬಿಟ್ಟಿದ್ದ.

ಮರುದಿನವೇ ಅವಳು ಹಾಸ್ಟೆಲ್ ಬಿಟ್ಟು ಊರಂಚಿನ ಬಾಡಿಗೆ ಕೋಣೆ ಸೇರಿದಳು. ಅವನ ನಂಬರ್, ಈಮೇಲ್ ಎಲ್ಲಾ ಬ್ಲಾಕ್. ಆ ಕ್ಲಾಸಿನಲ್ಲಿ ಹಾಜರಿ ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಕೋಣೆಯಲ್ಲೇ ಕೂತು ಓದಿಕೊಂಡಳು. ಫೆಬ್ರವರಿಯಲ್ಲಿ ಪರೀಕ್ಷೆಗೆ ಹೋದರೆ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ!

ಅಲ್ಲಿ ಕ್ಲಾಸಿಗೆ ಸೇರಿದರೆ ಸಾಲದು. ಪರೀಕ್ಷೆಗೆ ಬೇರೆಯಾಗಿ ರಿಜಿಸ್ಟರ್ ಮಾಡಬೇಕು, ಅದರ ಗಡುವು ಜನವರಿಯಲ್ಲೇ ಮುಗಿದಿತ್ತು. ಅಮೆರಿಕದಲ್ಲಿ ಓದಿದವಳಿಗೆ ಅದು ಹೊಳೆದೇ ಇರಲಿಲ್ಲ. ಅವಳನ್ನು ಹೊರಗೆ ಕಳಿಸುವಾಗ ಯಶಸ್ ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಬರೆಯುತ್ತಿದ್ದ.

'ಇವನಿಗೆ ಗೊತ್ತಿತ್ತು. ಒಂದು ಮಾತು ಹೇಳಲಿಲ್ಲ...'

ಡಿಗ್ರಿ ಒಂದು ವರ್ಷ ತಡವಾಯಿತು. ಕೈಗೆ ಬಂದಿದ್ದ ಲ್ಯಾಬಿನ ಕೆಲಸ ಹೋಯಿತು. ಆ ವರ್ಷವಿಡೀ ಅವಳು ಅತ್ತಿದ್ದು ಕೆಲಸಕ್ಕಾಗಿ ಅಲ್ಲ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

"ಸಿಲಬಸ್ ಬೇಕು," ಎಂದಳು ಈಗ.

ಗುರುವಾರ ತಂದ.

"ಇದು ಜರ್ಮನ್‌ನಲ್ಲಿದೆ. ಅನುವಾದ ಬೇಕು, ಸೀಲ್ ಸಮೇತ."

ಜರ್ಮನ್ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ಫ್ರೈಬುರ್ಗಿನಲ್ಲಿ ಪಾಠ ಇಂಗ್ಲಿಷಿನಲ್ಲೇ ನಡೆದಿದ್ದರೂ, ಆಮೇಲೆ ಈ ಕೆಲಸಕ್ಕೆಂದೇ ಕಲಿತಿದ್ದಳು. ಆದರೂ ಕೇಳಿದಳು, ಮತ್ತು ಕೇಳುವಾಗ ಸುಖವಾಯಿತು.

ಮಂಗಳವಾರ ಅನುವಾದ ಬಂತು. "ಸೀಲ್ ಎರಡನೇ ಪುಟಕ್ಕೆ ಇಲ್ಲ," ಎಂದು ವಾಪಸ್ ಕಳಿಸಿದಳು.

ಮೇಲಧಿಕಾರಿ ಪದ್ಮಜಾ ಮೈಸೂರಿನವರು, ಎಲ್ಲವನ್ನೂ ಕನ್ನಡಕದ ಮೇಲಿಂದ ನೋಡುವವರು. "ಯಾಕಮ್ಮಾ ಆ ಹುಡುಗನ್ನ ಹೀಗೆ ಅಲೆಸ್ತಿದೀಯ? ಮಾರ್ಕ್ಸ್ ಶೀಟು ಸಿಲಬಸ್ಸು ಇದ್ರೆ ಸಾಕಲ್ವಾ?"

"ರೂಲ್ಸ್ ಮೇಡಂ."

"ನಂಗೆ ಗೊತ್ತಿಲ್ದೇ ಇರೋ ರೂಲ್ಸಾ?"

ಸಂಯುಕ್ತಾ ಕಡತ ಮುಚ್ಚಿದಳು. ಅವನು ಒಂದು ಸಲವಾದರೂ ಬೇಡಿಕೊಳ್ಳಲಿ, ಒಂದು ಸಲ ಸಾರಿ ಅನ್ನಲಿ ಎಂದು ಕಾಯುತ್ತಿದ್ದಳು. ಅವನೋ ಹೇಳಿದ್ದನ್ನು ಬರೆದುಕೊಂಡು ಎದ್ದು ಹೋಗುತ್ತಿದ್ದ. ಅದೇ ಅವಳನ್ನು ಇನ್ನಷ್ಟು ಉರಿಸುತ್ತಿತ್ತು. 'ನಾನಲ್ಲವೇ ನೊಂದವಳು? ಇವನಿಗೇಕೆ ಈ ಬಿಗುಮಾನ?'

ಗುರುವಾರ ಎಲ್ಲ ಕಾಗದವೂ ಸರಿಯಾಗಿತ್ತು.

"ಇನ್ನೇನಾದ್ರೂ ಬೇಕಾ?"

ಬೇಕಿತ್ತು. ಇದನ್ನು ಅವಳು ಕೊನೆಗೆಂದೇ ಇಟ್ಟುಕೊಂಡಿದ್ದಳು.

"ಪರೀಕ್ಷೆಗೆ ರಿಜಿಸ್ಟರ್ ಮಾಡಿದ್ದಕ್ಕೆ ಪ್ರೂಫು. ಅಲ್ಲಿ ಬೇರೆಯಾಗಿ ಮಾಡ್ಬೇಕಲ್ಲ? ಕೆಲವರಿಗೆ ಅದು ಗೊತ್ತಿರಲ್ಲ. ಗೊತ್ತಿದ್ದೋರು ಹೇಳಲ್ಲ. ಬಾಗಿಲಲ್ಲೇ ವಾಪಸ್ ಕಳಿಸ್ತಾರೆ."

ಯಶಸ್ ಅವಳನ್ನೇ ನೋಡಿದ. "ನಿನ್ನನ್ನ... ವಾಪಸ್ ಕಳಿಸಿದ್ರಾ?"

"ನಾಳೆ ನಾಲ್ಕು ಗಂಟೆವರೆಗೆ ಟೈಮಿದೆ."

ಆ ಸಂಜೆ ಫ್ರೀವೇಯಲ್ಲಿ ಕಾರುಗಳು ತೆವಳುತ್ತಿದ್ದರೂ ಅವಳಿಗೆ ಬೇಸರವಾಗಲಿಲ್ಲ. ಅಷ್ಟು ಹಳೆಯ ಚೀಟಿ ಯಾರ ಹತ್ತಿರ ಇರುತ್ತದೆ? ನಾಳೆ ಬರಿಗೈಲಿ ಬರುತ್ತಾನೆ. ಆಗ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡಳು. 'ನೀವು ನನಗೆ ಯಾರೂ ಅಲ್ಲ. ಅರ್ಜಿದಾರರು ಅಷ್ಟೇ.'

ಶುಕ್ರವಾರ ಮೂರೂವರೆಗೆ ಅವನು ಬಂದ. ಬರಿಗೈಲಿ ಅಲ್ಲ. ಮೇಜಿನ ಮೇಲೆ ರಿಜಿಸ್ಟ್ರೇಷನ್ ಚೀಟಿ ಇಟ್ಟ. ಅದರ ಪಕ್ಕದಲ್ಲಿ ಒಂದು ಹಳೆಯ ಲಕೋಟೆ ಇಟ್ಟ, ಒಡೆಯದೇ ಇದ್ದದ್ದು.

"ಹಳೇ ಪೇಪರ್ಸ್ ಡಬ್ಬದಲ್ಲಿ ಇದೂ ಇತ್ತು. ಎಸೆಯೋಕೆ ಮನಸ್ಸಾಗಿರ್ಲಿಲ್ಲ."

ಲಕೋಟೆಯ ಮೇಲೆ ಅವಳದೇ ಹೆಸರು. ಫ್ರೈಬುರ್ಗಿನ ಆ ಬೀದಿ, ಅಪಾರ್ಟ್‌ಮೆಂಟ್ ಏಳು. ಅಂಚೆ ಮುದ್ರೆ ಜನವರಿ ಒಂಬತ್ತರದ್ದು. ಅಡ್ಡಕ್ಕೆ ಜರ್ಮನ್‌ನಲ್ಲಿದ್ದ ಒಂದು ಹಳದಿ ಚೀಟಿ ಅಂಟಿಸಿತ್ತು.

"ಹಾಸ್ಟೆಲ್ ಆಫೀಸಲ್ಲಿ ನೀನು ಬಿಟ್ಟುಹೋಗಿದ್ದ ಅಡ್ರೆಸ್ಸು. ಮೊದ್ಲು ನಾನೇ ಬಂದೆ. ಕೆಳಗೆ ಹನ್ನೆರಡು ಬೆಲ್ ಇತ್ತು, ಒಂದ್ರಲ್ಲೂ ನಿನ್ನ ಹೆಸರಿರ್ಲಿಲ್ಲ. ಅದಕ್ಕೇ ಪೋಸ್ಟ್ ಮಾಡಿದೆ. ಮೂರು ವಾರಕ್ಕೆ ವಾಪಸ್ ಬಂತು." ಅವನ ದನಿ ಇಳಿಯಿತು. "ಚೀಟಿ ಓದೋಕೆ ಬರ್ಲಿಲ್ಲ, ನೀನೇ ಬೇಡ ಅಂತ ಕಳಿಸಿದೀಯ ಅಂದ್ಕೊಂಡೆ. ಅಷ್ಟಾದ್ಮೇಲೂ ಹಿಂದೆ ಬೀಳೋದು ಸರಿಯಲ್ಲ ಅಂತ ಸುಮ್ಮನಾದೆ."

ಸಂಯುಕ್ತಾ ಹಳದಿ ಚೀಟಿ ಓದಿದಳು. 'ಈ ವಿಳಾಸದಲ್ಲಿ ಈ ಹೆಸರಿನವರು ಸಿಗಲಿಲ್ಲ.'

ಆ ದೇಶದಲ್ಲಿ ಅಂಚೆಯವನು ನೋಡುವುದು ಮನೆಯ ನಂಬರನ್ನಲ್ಲ, ಪೆಟ್ಟಿಗೆಯ ಮೇಲಿನ ಹೆಸರನ್ನು. ಇದನ್ನು ಅವಳು ಈಗ ಪ್ರತಿ ವರ್ಷ ಜರ್ಮನಿಗೆ ಹೊರಟ ಮಕ್ಕಳಿಗೆ ತಾನೇ ಹೇಳಿಕೊಡುತ್ತಾಳೆ. ಅಂದು ಮಾತ್ರ ಅವಳ ಪೆಟ್ಟಿಗೆ ಮೇಲೆ ಹೆಸರಿರಲಿಲ್ಲ. ಅಪಾರ್ಟ್‌ಮೆಂಟ್ ನಂಬರ್ ಇದೆಯಲ್ಲ, ಸಾಕು ಎಂದುಕೊಂಡಿದ್ದಳು, ಅಮೆರಿಕದ ಹಾಗೆ.

ಲಕೋಟೆ ಒಡೆದಳು. ಅಮೆರಿಕದಲ್ಲಿ ಬೆಳೆದ ಅವನು ಭಾನುವಾರದ ಕನ್ನಡ ಕ್ಲಾಸಿನಲ್ಲಿ ಕಲಿತ ಸೊಟ್ಟ ಅಕ್ಷರಗಳು.

'ಸಂಯು, ಪರೀಕ್ಷೆಗೆ ಬೇರೆ ರಿಜಿಸ್ಟರ್ ಮಾಡಬೇಕಂತೆ. ಇಪ್ಪತ್ತನೇ ತಾರೀಖು ಕೊನೇ ದಿನ. ನನ್ನ ಜೊತೆ ಮಾತಾಡಬೇಡ, ಆದರೆ ಇದನ್ನ ಮಾತ್ರ ಮಾಡು. ಇನ್ನೊಂದು ವಿಷಯ. ಅಮ್ಮನಿಗೆ ಅವತ್ತು ಸುಳ್ಳು ಹೇಳಿದೆ. ಹೆದರಿಬಿಟ್ಟೆ. ನಿನ್ನೆ ಫೋನ್ ಮಾಡಿ ನಿಜ ಹೇಳಿದೆ.'

ಅಕ್ಷರಗಳು ಮಂಜಾದವು. ಮೂರು ವರ್ಷ ಜೋಪಾನ ಮಾಡಿದ ಸಿಟ್ಟು ಎಲ್ಲಿ ಹೋಯಿತೋ. ಹತ್ತು ದಿನ ಅವನನ್ನು ಅಲೆಸಿದ ನಾಚಿಕೆಯೊಂದೇ ಉಳಿಯಿತು.

"ಪರೀಕ್ಷೆ ದಿನ ನೀನು ಬಂದಿದ್ದೇ ನಂಗೆ ಗೊತ್ತಿಲ್ಲ ಸಂಯು. ರಿಜಿಸ್ಟರ್ ಮಾಡೋಕೆ ಬೇರೆ ಯಾರಾದ್ರೂ ಹೇಳಿರ್ತಾರೆ, ಬರೆದಿದೀಯ ಅಂತಲೇ ಅಂದ್ಕೊಂಡಿದ್ದೆ."

"ಆದ್ರೂ ಅಮ್ಮನ ಹತ್ರ ಹಾಗಂದಿದ್ದು ತಪ್ಪು."

"ತಪ್ಪೇ. ಸಾರಿ."

ಗಡಿಯಾರ ಮೂರು ಐವತ್ತು ತೋರಿಸುತ್ತಿತ್ತು. ಅವಳು ಫಾರಂ ಎತ್ತಿಕೊಂಡು, ಏನನ್ನೋ ಹೊಡೆದುಹಾಕಿ, ಏನನ್ನೋ ಗುರುತು ಮಾಡಿ ಪದ್ಮಜಾ ಅವರ ಕೋಣೆಗೆ ಓಡಿದಳು.

"ಮೇಡಂ, ಇದನ್ನ ನೀವೇ ನೋಡ್ಬೇಕು. ನಾನು ನೋಡೋ ಹಾಗಿರ್ಲಿಲ್ಲ. ಬೇಕಂತಲೇ ಅಲೆಸಿದೀನಿ."

ಪದ್ಮಜಾ ಮೊದಲ ಪ್ರಶ್ನೆಯನ್ನು ನೋಡಿದರು, ಅವಳ ಕಣ್ಣನ್ನು ನೋಡಿದರು. ಕಾಗದಗಳನ್ನು ಒಂದೊಂದಾಗಿ ತಿರುವಿ ಸಹಿ ಹಾಕಿದರು. "ಅವನದು ಸರಿಯಾಗಿದೆ. ನಿನ್ನದು ಸೋಮವಾರ ಮಾತಾಡೋಣ. ಸುಮ್ನೆ ಬಿಡ್ತೀನಿ ಅಂದ್ಕೋಬೇಡ."

"ಇಲ್ಲ ಮೇಡಂ."

ಕಾರಿಡಾರಿನಲ್ಲಿ ಯಶಸ್ ಕಾಯುತ್ತಿದ್ದ.

"ಆಯ್ತು," ಎಂದಳು. "ಸಹಿ ಮಾಡಿದ್ದು ಮೇಡಂ."

"ನೀನ್ಯಾಕೆ ಮಾಡ್ಲಿಲ್ಲ?"

"ಸಂಬಂಧ ಇರೋರ ಫೈಲು ನಾವು ಮುಟ್ಟೋ ಹಾಗಿಲ್ಲ."

ಅವನು ಫೋನ್ ತೆಗೆದ.

"ಯಾರಿಗೆ?"

"ಅಮ್ಮಂಗೆ."

"ಸೀಟು ಉಳೀತು ಅಂತ ಹೇಳೋಕಾ?"

"ಅದನ್ನೂ ಹೇಳ್ತೀನಿ." ಅವಳ ಕೈ ಹಿಡಿದ. ಆ ಕಡೆ ರಿಂಗಾಗುತ್ತಿತ್ತು, ಅವನು ಕೈ ಬಿಡಲಿಲ್ಲ. "ಸ್ವಲ್ಪ ಹತ್ರ ಬಾ ಸಂಯು. ಅಲ್ಲಿದ್ರೆ ಕ್ಯಾಮರಾದಲ್ಲಿ ಕಾಣಲ್ಲ."