ಒಂದು ಮಾರು, ಒಂದು ಗೇಣು

"ಅಷ್ಟು ಅಗಲ ಕೈ ಚಾಚ್ಕೊಂಡು ನಿಂತ್ರೆ ನೋಡಿದೋರು ತಪ್ಪು ತಿಳ್ಕೋತಾರೆ ಮಾರಾಯ್ತಿ."

ಹಿಂದಿನಿಂದ ತನ್ಮಯ್ ದನಿ. ನಾನು ತಿರುಗಲಿಲ್ಲ. ನನ್ನ ಎಡಗೈ ಬೆರಳ ತುದಿ ಒಂದು ಸಿಲ್ವರ್ ಓಕ್ ಮರಕ್ಕೆ ತಾಗಿತ್ತು. ಬಲಗೈ ಇನ್ನೊಂದು ಮರದ ಕಡೆಗೆ ಚಾಚಿತ್ತು, ತಲುಪಿರಲಿಲ್ಲ. ಬೆರಳು ಮುಗಿದ ಜಾಗದಲ್ಲಿ ಒಂದು ಕಡ್ಡಿ ನೆಟ್ಟು, ಅಲ್ಲಿಂದ ಮುಂದಕ್ಕೆ ಗೇಣು ಹಾಕಿದೆ.

"ಒಂದು ಮಾರು, ಒಂದು ಗೇಣು, ಮೇಲೆ ನಾಲ್ಕು ಬೆರಳು," ಎಂದೆ. "ನಿನ್ನ ಹೊಸ ಕಾರು ಹೋಗಲ್ಲ."

"ಹೋಗತ್ತೆ. ಟೇಪ್ ಹಿಡಿದು ಅಳೆದಿದೀನಿ."

"ನಾನೂ ಅಳೆದೆ."

"ನಿಂದು ಕೈ. ನಂದು ಟೇಪು."

ಅವನು ನಕ್ಕ. ನಗುವಾಗ ಅವನ ಕಣ್ಣು ಮೊದಲು ನನ್ನ ಮುಖಕ್ಕೆ ಬಂತು, ಆಮೇಲೆ ನನ್ನ ಎಡ ಭುಜಕ್ಕೆ, ಅಲ್ಲಿಂದ ತಟ್ಟನೆ ಬೇರೆಲ್ಲಿಗೋ ಹೋಯಿತು. ಒಂದು ವರ್ಷದಿಂದ ಹೀಗೇ. ಗಮನಿಸಿದ್ದೆ. ಯಾಕೆಂದು ಕೇಳಿರಲಿಲ್ಲ.

ಕಾಫಿ ಹಣ್ಣು ಕುಯ್ದು ಮುಗಿದ ಮೇಲೆ, ಪ್ರತಿ ಫೆಬ್ರವರಿಯಲ್ಲಿ, ಮಲ್ಲಂದೂರು ಸುತ್ತಲಿನ ಎಸ್ಟೇಟಿನವರು ಸೇರಿ ತೋಟದ ರಸ್ತೆಯಲ್ಲೇ ಕಾರು ಓಡಿಸುವ ಸ್ಪರ್ಧೆ ಇಟ್ಟುಕೊಳ್ಳುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಪಕ್ಕದ ಸೀಟಿನಲ್ಲಿ ದಾರಿ ಹೇಳಲು ಒಬ್ಬರು. ಹೆಂಡತಿಯೋ, ತಂಗಿಯೋ, ಅತ್ತೆಯ ಮಗನೋ, ಯಾರಾದರೂ ಸರಿ. ಹಿಂದಿನ ದಿನ ದಾರಿ ಹೇಳುವವರು ಅಷ್ಟೂ ರಸ್ತೆಯನ್ನು ನಡೆದೇ ನೋಡಬೇಕು ಎನ್ನುವುದು ಇಲ್ಲಿನ ವಾಡಿಕೆ. ತನ್ಮಯ್‌ಗೆ ಮೊದಲು ದಾರಿ ಹೇಳಿದವಳು ಅವನ ತಂಗಿ ಧನ್ಯಾ, ನನ್ನ ಕಾಲೇಜು ಗೆಳತಿ. ಎರಡನೇ ತಿರುವಿಗೇ ವಾಂತಿ ಮಾಡಿಕೊಂಡು, "ಕೃತಿಕಾ, ಈ ಪೀಡೆ ನೀನೇ ಇಟ್ಕೊ" ಎಂದು ಸೀಟು ಬಿಟ್ಟುಕೊಟ್ಟಳು.

ನಾಲ್ಕು ವರ್ಷ ಇಟ್ಟುಕೊಂಡೆ. ತಿರುವಿನ ದಿಕ್ಕು, ಅದು ಎಷ್ಟು ಕಡಿದು ಎನ್ನುವುದಕ್ಕೆ ಒಂದು ಅಂಕಿ. ಎಡ ಮೂರು. ಬಲ ಎರಡು. ನಿಧಾನ. ಹೋಗು. ಅವನಿಗೆ ನಾನು ಹೇಳಿದ್ದು ಇಷ್ಟೇ. ಉಳಿದದ್ದನ್ನು ಹೇಳುವ ಧೈರ್ಯ ಬಂದಿರಲಿಲ್ಲ.

ಹಳೆಯ ಕಾರು ಚಿಕ್ಕದು, ಕೆಂಪು ಬಣ್ಣದ್ದು, ಎರಡೇ ಬಾಗಿಲು. ಹಿಂದೆ ಮುಂದೆ ಒಂದೇ ಅಗಲ, ಬೆಂಕಿಪೊಟ್ಟಣದ ಹಾಗೆ. ಮೂರನೇ ಗೇರಿಗೆ ಹಾಕುವಾಗಲೆಲ್ಲ ಅವನ ಮೊಣಕೈ ನನ್ನ ತೋಳಿಗೆ ತಾಗುತ್ತಿತ್ತು. ಅವನು ಒಮ್ಮೆಯೂ ಸಾರಿ ಅಂದವನಲ್ಲ. ನಾನು ಒಮ್ಮೆಯೂ ಸರಿದು ಕೂತವಳಲ್ಲ.

ಹೊಸದು ಅದೇ ಹೆಸರಿನ, ಮೂರು ತಲೆಮಾರು ಈಚಿನ ಕಾರು. ಬಂಗಲೆಯ ಮುಂದೆ ಎರಡನ್ನೂ ನಿಲ್ಲಿಸಿದಾಗ ಕರುವಿನ ಪಕ್ಕ ಕೋಣ ನಿಂತ ಹಾಗಿತ್ತು. ಮೆಣಸು ಬಿಡಿಸುವ ಗಿಡ್ಡಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದೇನ್ ಸಣ್ಣ ಗೌಡ್ರೆ, ಕಾರೋ, ಕಲ್ಯಾಣ ಮಂಟಪವೋ?" ಎಂದು ಕೇಳಿದ್ದಳು. ಎಲ್ಲರೂ ನಕ್ಕಿದ್ದರು. ನನಗೆ ನಗು ಬರಲಿಲ್ಲ. ಕಿಟಕಿಯಿಂದ ಒಳಗೆ ಇಣುಕಿ ಎರಡು ಸೀಟಿನ ನಡುವಿನ ಜಾಗ ನೋಡುತ್ತಿದ್ದೆ. ಎರಡು ಲೋಟ ಇಡಲು ಗುಂಡಿ, ಫೋನ್ ಇಡಲು ತಟ್ಟೆ, ಮೊಣಕೈ ಊರಲು ಚರ್ಮದ ದಿಂಬು. ಒಬ್ಬ ಮನುಷ್ಯ ಕೂರಬಹುದಿತ್ತು ಅಲ್ಲಿ.

"ಕೃತಿ," ತನ್ಮಯ್ ಈಗ ಮರಕ್ಕೆ ಒರಗಿ ನಿಂತು, ಮೆಣಸಿನ ಬಳ್ಳಿಯ ಒಂದು ಎಲೆ ಕಿತ್ತು ಮಡಚುತ್ತಿದ್ದ. "ನಾಳೆ ಲಿಖಿತ್ ಬರ್ತಾನೆ."

"ಯಾವ ಲಿಖಿತ್?"

"ಮಂಗಳೂರಿನವನು. ದೊಡ್ಡ ರ್‍ಯಾಲಿಗಳಲ್ಲಿ ದಾರಿ ಹೇಳ್ತಾನಲ್ಲ, ಅವನು. ಕಾರ್ ಹೊಸದಲ್ವಾ... ನಾಳೆ ಅವನು ಕೂತ್ಕೊಳ್ಳಲಿ. ಇವತ್ತು ಒಂದ್ಸಲ ನೀನು ಬಾ. ನೀನು ಹೇಳೋದನ್ನ ಫೋನಲ್ಲಿ ರೆಕಾರ್ಡ್ ಮಾಡಿ ಅವನಿಗೆ ಕಳಿಸ್ತೀನಿ."

ಎಲೆ ನಾಲ್ಕು ಮಡಿಕೆಯಾಗಿ ಮುರಿಯಿತು.

"ಆಗ್ಲಿ," ಎಂದೆ. ನೆಟ್ಟಿದ್ದ ಕಡ್ಡಿ ಕಿತ್ತು ಎಸೆದೆ.

*

ರಸ್ತೆಯ ಬುಡದಲ್ಲಿ ಒಂದು ರೈಲು ಕಂಬಿಯ ತುಂಡು ನೇತುಹಾಕಿದ್ದಾರೆ, ಆಳುಗಳನ್ನು ಕರೆಯಲು ಬಾರಿಸುವುದು. ಕಾರು ಹೊರಡುವ ಮೊದಲು ಅದನ್ನು ಎರಡು ಸಲ ಬಾರಿಸಿದರೆ, ಮೇಲೆ ಕಾಫಿ ಒಣಗಿಸುವ ಕಣದಲ್ಲಿರುವ ಗಾಡಿಗಳು ಕೆಳಗೆ ಇಳಿಯುವುದಿಲ್ಲ. ಕಾರು ಎಲ್ಲಿದೆ ಎಂದು ಅವರು ಸದ್ದಿನ ಮೇಲೇ ತಿಳಿಯುತ್ತಾರೆ. ಸದ್ದು ನಿಂತರೆ ಓಟ ಮುಗಿಯಿತು, ರಸ್ತೆ ಖಾಲಿ. ಹಳೆಯ ಕಾರಿನ ಕೂಗು ಮಲ್ಲಂದೂರು ಪೇಟೆಗೂ ಕೇಳುತ್ತಿತ್ತು. ಈ ಕಾರು ಬಾಗಿಲು ಮುಚ್ಚಿದರೆ ಒಳಗೆ ನನ್ನ ಉಸಿರು ನನಗೇ ಕೇಳಿಸುವಷ್ಟು ಮೌನ.

"ಎಡ ಮೂರು," ಎಂದೆ. ನಡುವಿನ ತಟ್ಟೆಯಲ್ಲಿ ಅವನ ಫೋನು ನನ್ನ ದನಿಯನ್ನು ಇನ್ನೊಬ್ಬನಿಗಾಗಿ ತುಂಬಿಕೊಳ್ಳುತ್ತಿತ್ತು. "ಬಲ ಎರಡು. ನಿಧಾನ."

"ನಿಧಾನವೇ ಇದೀನಲ್ಲ."

"ಮೀಟರ್ ನೋಡು."

ನೋಡಿದ. ತುಟಿ ಬಿಗಿಯಿತು. ಬ್ರೇಕ್ ಒತ್ತಿದ.

"ಗೊತ್ತೇ ಆಗ್ಲಿಲ್ಲ."

"ಅದನ್ನೇ ಹೇಳ್ತಿರೋದು. ಹಳೇದ್ರಲ್ಲಿ ಒಂದು ಕಲ್ಲು ಚಕ್ರಕ್ಕೆ ಸಿಕ್ರೂ ಬೆನ್ನಿಗೆ ಗೊತ್ತಾಗ್ತಿತ್ತು. ಪ್ರತಿ ಸಲ ಹೊಸದು ಬಂದಾಗ ಒಂಚೂರು ಉದ್ದ, ಒಂಚೂರು ಅಗಲ, ಒಂಚೂರು ಭಾರ. ಎಂಜಿನ್ ಜೋರು ಮಾಡಿದ್ರು, ಆ ಜೋರೆಲ್ಲ ಇದರ ಮೈಯನ್ನೇ ಎಳೆಯೋಕೆ. ರಸ್ತೆ ಮಾತ್ರ ನಿಮ್ಮಜ್ಜನ ಜೀಪಿನ ಅಳತೇದೇ."

"ಸುಮ್ನೆ ಅಗಲ ಮಾಡಿಲ್ಲ ಕೃತಿ. ಹಳೇ ಕಾರಿನ ಬಾಗಿಲು ಹಪ್ಪಳ. ಇದ್ರಲ್ಲಿ ಬಾಗಿಲೊಳಗೆ ಉಕ್ಕಿನ ತೊಲೆ ಇದೆ. ಅದು ಎಲ್ಲಿ ಕೂರಬೇಕು? ಜಾಗ ಬೇಡ್ವಾ?"

"ಜೀಪ್ ಬಂದಾಗ ಗಿಡ್ಡಮ್ಮ ಮೂಟೆ ಹೊತ್ಕೊಂಡು ರಸ್ತೆ ಪಕ್ಕಕ್ಕೆ ನಿಲ್ತಾಳೆ. ಈ ಕಾರು ಬಂದ್ರೆ ಅವಳು ಎಲ್ಲಿ ನಿಲ್ಲಬೇಕು?"

ಅವನು ಸ್ಟೇರಿಂಗ್ ತಿರುಗಿಸಿದ. ತಿರುವು ದಾಟಿತು. ಎರಡೂ ಕಡೆ ಆಳೆತ್ತರದ ಮಣ್ಣಿನ ದರೆ ಕಡಿದು ಮಾಡಿದ ಓಣಿ ಎದುರಾಯಿತು. ಅದರ ಬಾಯಲ್ಲೇ ಜೋಡಿ ಸಿಲ್ವರ್ ಮರ.

"ನಿಲ್ಲು," ಎಂದೆ.

"ಕ್ಯಾಮೆರಾದಲ್ಲಿ ಹಸಿರು ತೋರಿಸ್ತಿದೆ."

"ತನ್ಮಯ್, ನಿಲ್ಲು."

ನಾಲ್ಕು ವರ್ಷದಲ್ಲಿ ನಾನು ನಿಲ್ಲು ಎಂದಾಗ ಅವನು ನಿಲ್ಲದೇ ಇದ್ದದ್ದು ಅದೇ ಮೊದಲು. ಮೂತಿ ದಾಟಿತು. ಬಾಗಿಲುಗಳು ದಾಟಿದವು. ಅವನು ನನ್ನ ಕಡೆ ನೋಡಿ ಗೆದ್ದವನ ಹಾಗೆ ಹುಬ್ಬೇರಿಸಿದ. ಅಷ್ಟರಲ್ಲಿ ಹಿಂದಿನಿಂದ ತೊಗಟೆ ಸಿಗಿಯುವ ಉದ್ದನೆಯ ಸದ್ದು ಬಂತು. ಕಾರು ಗಕ್ಕನೆ ನಿಂತಿತು.

ಮುಂದಿನ ಬಂಪರನ್ನು ಮಾತ್ರ ಟೇಪಿನಿಂದ ಅಳೆದಿದ್ದ. ಹಿಂದೆ ಮುಂದೆ ಒಂದೇ ಅಗಲದ ಕಾರು ಓಡಿಸಿ ಅಭ್ಯಾಸವಾದವನು. ಈ ಕಾರಿಗೆ ಹಿಂಬದಿಯೇ ಹೆಚ್ಚು ಅಗಲ.

ರಿವರ್ಸ್ ಹಾಕಿದ. ಚಕ್ರ ತರಗೆಲೆಯ ಮೇಲೆ ಗಿರಗಿರ ತಿರುಗಿತೇ ಹೊರತು ಕಾರು ಅಲ್ಲಾಡಲಿಲ್ಲ. ಸುಟ್ಟ ವಾಸನೆ ಬಂತು. ಎಂಜಿನ್ ಆಫ್ ಮಾಡಿದ.

"ಆಫ್ ಮಾಡ್ಬೇಡ!" ಎಂದೆ.

"ಯಾಕೆ?"

ಯಾಕೆಂದು ನಾನು ಹೇಳಬೇಕಾಗಲಿಲ್ಲ. ಮೇಲೆ, ಕಣದ ಕಡೆಯಿಂದ, ಪಿಕಪ್ ಸ್ಟಾರ್ಟ್ ಆದ ಸದ್ದು. ಅದನ್ನು ಓಡಿಸುವ ಬಾಲರಾಜ್ ನಮ್ಮ ಸದ್ದು ನಿಂತದ್ದನ್ನು ಕೇಳಿದ್ದ. ರಸ್ತೆ ಖಾಲಿ ಎಂದುಕೊಂಡಿದ್ದ. ಒಣಗಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹೇರಿದ ಗಾಡಿ, ಇಳಿಜಾರು, ಕೊನೆಯಲ್ಲಿ ಕುರುಡು ತಿರುವು, ಆಮೇಲೆ ನಾವು.

ತನ್ಮಯ್ ಹಾರ್ನ್ ಒತ್ತಿ ಹಿಡಿದ. ಎಂಜಿನ್ ಮತ್ತೆ ಶುರುಮಾಡಲು ನೋಡಿದ. ಪರದೆಯ ಮೇಲೆ ಏನೋ ಕೆಂಪಗೆ ಮಿನುಗಿತು, ಕಾರು ಮಾತು ಕೇಳಲಿಲ್ಲ. ಹಾರ್ನನ್ನು ಮೀರಿ ಬಾಲರಾಜನ ಸ್ಪೀಕರಿನ ಡಂ ಡಂ ಹತ್ತಿರವಾಗುತ್ತಿತ್ತು.

ಅವನು ತನ್ನ ಬಾಗಿಲು ತಳ್ಳಿದ. ಉದ್ದನೆಯ ಬಾಗಿಲು ದರೆಯ ಒಂದು ಉಬ್ಬಿಗೆ ಬಡಿದು, ಅಂಗೈಯಷ್ಟು ತೆರೆದು ನಿಂತಿತು. ನನ್ನ ಕಡೆಯದು ಒಂದು ಗೇಣು ತೆರೆಯಿತು.

"ನಿಂಗೆ ಆಗತ್ತೆ," ಎಂದ. ಅವನ ಮುಖ ಬೆಳ್ಳಗಾಗಿತ್ತು. "ನೀನು ಹೋಗು. ಹೋಗು ಕೃತಿ!"

ಹೋಗು ಎನ್ನುವುದು ನನ್ನ ಮಾತು. ಅವನು ಹೇಳಿದ್ದು ಅದೇ ಮೊದಲು. ಎಡ ಭುಜವನ್ನು ಮುಂದೆ ಹಾಕಿ ಆ ಸಂದಿಗೆ ತೂರಿದೆ. ಹೋದ ವರ್ಷ ಮುರಿದು ಕೂಡಿದ ಎಲುಬು ಚುಳ್ಳೆಂದಿತು. ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಂಡು, ಕುರ್ತಾದ ತೋಳನ್ನು ಬಾಗಿಲಿಗೇ ಬಿಟ್ಟುಕೊಟ್ಟು ಹೊರಬಿದ್ದೆ. ಚಪ್ಪಲಿ ಎಲ್ಲಿ ಹೋಯಿತೋ. ಏರಿನಲ್ಲಿ ಓಡಿದೆ.

ತಿರುವಿನಲ್ಲಿ ಪಿಕಪ್ಪಿನ ಮೂತಿ ಕಂಡಿತು. ರಸ್ತೆಯ ನಡುವೆ ನಿಂತು ಎರಡೂ ಕೈ ಅಗಲಕ್ಕೆ ಚಾಚಿದೆ. ಕಿರುಚಿದೆ. ಏನೆಂದು ಕಿರುಚಿದೆ ಎನ್ನುವುದು ನನಗೆ ಆಗ ಗೊತ್ತಾಗಲಿಲ್ಲ.

ಬ್ರೇಕು ಕೀರಲಿತು. ಒಂದು ಮೂಟೆ ಉರುಳಿ ಚರಂಡಿಗೆ ಬಿತ್ತು. ಬಂಪರಿನ ಬಿಸಿ ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಗಾಡಿ ನಿಂತಿತು.

ಬಾಲರಾಜ್ ಹಾಡಿನ ಸದ್ದು ಆರಿಸಿ, ಸ್ಟೇರಿಂಗಿನ ಮೇಲೆ ಹಣೆ ಇಟ್ಟ. "ಅಮ್ಮಾವ್ರೆ, ಸಾಯಿಸ್ತಿದ್ರಲ್ಲ ನನ್ನ," ಎಂದ ಕೊನೆಗೆ. "ಕಾರ್ ಸದ್ದು ನಿಂತಿತ್ತಲ್ಲ?"

"ಕಾರೂ ನಿಂತಿದೆ," ಎಂದೆ. ಅಲ್ಲೇ ಕೂತುಬಿಟ್ಟೆ.

*

ಕೆಳಗಿನಿಂದ ಜೀಪು ತಂದು ಸರಪಳಿ ಹಾಕಿ ಹಿಂದಕ್ಕೆ ಎಳೆಯಬೇಕು ಎಂದು ಬಾಲರಾಜ್ ತೋಟದೊಳಗಿನ ಕಾಲುದಾರಿಯಲ್ಲಿ ಇಳಿದು ಹೋದ. ನಾನು ಕಾರಿನ ಹತ್ತಿರ ಬಂದೆ. ತನ್ಮಯ್ ಒಳಗೇ ಇದ್ದ, ಹೊರಬರಲು ಆಗದೆ. ಕಿಟಕಿಯ ಗಾಜು ಪೂರ್ತಿ ಇಳಿದಿತ್ತು. ದರೆಗೂ ಕಾರಿಗೂ ನಡುವೆ ಓರೆಯಾಗಿ ತೂರಿ ಅವನ ಕಿಟಕಿಯ ತನಕ ಹೋದೆ. ಬೆನ್ನಿಗೆ ಹಸಿ ಮಣ್ಣು, ಎದುರಿಗೆ ಅವನ ಮುಖ, ನಡುವೆ ಒಂದು ಗೇಣು.

"ಭುಜ?" ಎಂದ.

"ಇದೆ."

"ನೋಯ್ತಿದ್ಯಾ?"

"ಒಂದು ವರ್ಷದಿಂದ ನೀನು ಅದನ್ನ ನೋಡ್ತೀಯ, ಕೇಳಿದ್ದು ಇವತ್ತು."

ಅವನು ಸ್ಟೇರಿಂಗ್ ಹಿಡಿದ ತನ್ನ ಕೈಗಳನ್ನೇ ನೋಡಿದ. "ಹೋದ ವರ್ಷ ಹಳೇ ಕಾರು ಜಾರಿ ದರೆಗೆ ಹೊಡೀತಲ್ಲ, ನಿನ್ನ ಬಾಗಿಲು ಮಡಚಿಕೊಂಡ ಸದ್ದು ಇನ್ನೂ ಕೇಳ್ಸತ್ತೆ ನಂಗೆ. ಈ ಕಾರು ಯಾಕೆ ತಗೊಂಡೆ ಗೊತ್ತಾ? ಶೋರೂಮಲ್ಲಿ ಎಲ್ಲರೂ ಎಂಜಿನ್ ಬಗ್ಗೆ ಕೇಳ್ತಿದ್ರು. ನಾನು ಎಡಗಡೆ ಸೀಟಿಗೆ ಏರ್‌ಬ್ಯಾಗ್ ಎಷ್ಟು ಅಂತ ಕೇಳ್ದೆ. ಆ ಹುಡುಗಿ ನಗಾಡಿದ್ಲು. ಡ್ರೈವರ್ ಕಡೆದು ಕೇಳಲ್ವಾ ಸಾರ್, ಅಂದ್ಲು."

ನನಗೆ ಬಂದದ್ದು ಸಿಟ್ಟು.

"ಹಂಗಿದ್ರೆ ಲಿಖಿತ್ ಯಾಕೆ?"

"ಕಾರು ಬಂದ್ಮೇಲೂ ಧೈರ್ಯ ಬರ್ಲಿಲ್ಲ. ನೀನು ಪಕ್ಕದಲ್ಲಿ ಕೂತ್ರೆ ರಸ್ತೆ ಕಾಣಲ್ಲ ಕೃತಿ. ಆ ಬಾಗಿಲೇ ಕಾಣತ್ತೆ. ನಿಂಗೆ ಏನಾದ್ರೂ ಆದ್ರೆ..." ಅಲ್ಲಿಗೆ ನಿಲ್ಲಿಸಿದ.

"ಅದನ್ನ ನಂಗೆ ಹೇಳ್ಬೇಕಿತ್ತು. ನನ್ನ ಸೀಟನ್ನ ಇನ್ನೊಬ್ಬನಿಗೆ ಕೊಡೋದಲ್ಲ. ನಾನೇನು ಅಂದ್ಕೊಂಡೆ ಗೊತ್ತಾ? ನಿಂಗೆ ನಾನು ಸಾಕಾದೆ ಅಂತ. ನೀನು ದೂರ ಕೂರೋದಕ್ಕೇ ದೊಡ್ಡ ಕಾರು ತಗೊಂಡೆ ಅಂತ."

"ಹುಚ್ಚಾ ನಿಂಗೆ?"

"ಇರಬಹುದು. ನಾಲ್ಕು ವರ್ಷದಿಂದ ಮೂರನೇ ಗೇರಿಗೋಸ್ಕರ ಕಾಯ್ಕೊಂಡು ಕೂರೋಳಿಗೆ ಇನ್ನೇನಂತಾರೆ?"

ಹೇಳಿಬಿಟ್ಟಿದ್ದೆ. ವಾಪಸು ತಗೊಳ್ಳಲು ಜಾಗವಿರಲಿಲ್ಲ, ಹಿಂದೆ ದರೆ.

ಅವನ ಕಣ್ಣು ನಿಧಾನವಾಗಿ ಮೇಲೆ ಬಂತು. ಈ ಸಲ ಭುಜಕ್ಕೆ ಹೋಗಲಿಲ್ಲ, ಮುಖದ ಮೇಲೇ ನಿಂತಿತು.

"ಆ ತಿರುವುಗಳಲ್ಲಿ ಎರಡನೇ ಗೇರೇ ಸಾಕಿತ್ತು," ಎಂದ. "ಮೂರನೇದು ಬೇಕೇ ಇರ್ಲಿಲ್ಲ."

ನನಗೆ ಅಳು ಬಂತೋ ನಗು ಬಂತೋ. ಅವನು ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆಗೆ ಮೆತ್ತಿದ ಮಣ್ಣನ್ನು ಹೆಬ್ಬೆರಳಲ್ಲಿ ಒರೆಸಿದ.

"ಅಲ್ಲಿ ಮೇಲೆ ನೀನು ಏನಂತ ಕಿರುಚಿದೆ ಗೊತ್ತಾ?"

"ಇಲ್ಲ."

"'ಒಳಗೆ ನನ್ನೋನಿದಾನೆ' ಅಂತ. ಇಲ್ಲೀವರೆಗೂ ಕೇಳಿಸ್ತು."

ಜೀಪು ಬಂತು. ಹಿಂದೆಯೇ ಗಿಡ್ಡಮ್ಮ ಮತ್ತು ಹೆಂಗಸರ ಗುಂಪು ಬಂತು. ಗಿಡ್ಡಮ್ಮ ಸಿಗಿದ ತೊಗಟೆಯನ್ನೂ, ಹರಿದ ಮೆಣಸಿನ ಬಳ್ಳಿಯನ್ನೂ, ನನ್ನ ತೋಳಿಲ್ಲದ ಕುರ್ತಾವನ್ನೂ ಸಾಲಾಗಿ ನೋಡಿದಳು.

"ಮಂಟಪ ಸಿಕ್ಕಾಕ್ಕೊಂಡ್ರೂ," ಎಂದಳು, "ಮದ್ವೆ ನಿಲ್ಲೋ ಹಂಗೆ ಕಾಣಲ್ಲ."

*

ತನ್ಮಯ್ ಮಂಗಳೂರಿಗೆ ಫೋನ್ ಮಾಡಿ ಲಿಖಿತ್‌ಗೆ ಬರಬೇಡ ಎಂದ. ಆಗಲೂ ಕಾರಿನ ವಿಷಯದಲ್ಲಿ ನಾವು ಒಪ್ಪಿಕೊಂಡೆವೆಂದಲ್ಲ. ದೊಡ್ಡ ಕಾರಿನಲ್ಲಿ ಮೂಡಿಗೆರೆಗೆ ಹೋಗೋಣ, ಹೈವೇಯಲ್ಲಿ ಆ ಬಾಗಿಲಿನ ತೊಲೆ ಬೇಕು ಎಂದ. ಅದು ಸರಿ ಎಂದೆ. ತೋಟದ ರಸ್ತೆಗೆ ಮಾತ್ರ ಹಳೆಯದು, ನಾನು ನಿಧಾನ ಎಂದರೆ ನಿಧಾನ ಎಂದೆ. ಅದಕ್ಕೆ ಅವನು ಹಳೆಯ ಕಾರಿನಲ್ಲಿ ನನ್ನ ಸೀಟಿನ ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿದ.

ಮರುದಿನ, ಭಾನುವಾರ ಬೆಳಗ್ಗೆ, ಕಂಬಿಯನ್ನು ಎರಡು ಸಲ ಬಾರಿಸಿದರು. ಕೆಂಪು ಕಾರು ಇಡೀ ತೋಟಕ್ಕೆ ಕೇಳುವಂತೆ ಕೂಗಿಕೊಂಡು ಹೊರಟಿತು. ಹಪ್ಪಳದ ಬಾಗಿಲು ನನ್ನ ಭುಜದ ಪಕ್ಕ ನಡುಗುತ್ತಿತ್ತು. ನನಗೂ ಭಯವಿತ್ತು. ಅವನ ಕತ್ತಿನ ನರ ಬಿಗಿದದ್ದು ನೋಡಿದರೆ ಅವನಿಗೆ ನನಗಿಂತ ಹೆಚ್ಚಿತ್ತು.

ಎಡ ಮೂರು. ಬಲ ಎರಡು. ನಿಧಾನ. ನಿಧಾನ ಮಾಡಿದ.

ಓಣಿ ಎದುರಾಯಿತು. ಜೋಡಿ ಸಿಲ್ವರ್, ಎರಡರ ಸೊಂಟದಲ್ಲೂ ಹಸಿ ಗಾಯ. ಇಲ್ಲಿ ಈ ಕಾರು ಹಿಡಿಸುತ್ತದೆಂದು ಅವನಿಗೆ ನಿದ್ದೆಯಲ್ಲೂ ಗೊತ್ತು. ಆದರೂ ಆಕ್ಸಿಲರೇಟರಿನಿಂದ ಕಾಲು ಎತ್ತಿದ. ಗಡಿಯಾರ ಓಡುತ್ತಿತ್ತು, ಅವನು ನನ್ನ ಮಾತಿಗೆ ಕಾಯುತ್ತಿದ್ದ.

"ಹೋಗು," ಎಂದೆ.

ಮೂರನೇ ಗೇರಿಗೆ ಹಾಕಿದ.