ಕನ್ನಡಕದೊಳಗಿನ ಟೊಮೆಟೊ ಹೊಲ

ಮೇಜಿನ ಮೇಲೆ ಚಾರ್ಜರಿನ ವೈರು ಮಾತ್ರ ಉಳಿದಿತ್ತು. ಕನ್ನಡಕ ಇರಲಿಲ್ಲ.

ಓದುವ ಕನ್ನಡಕವಲ್ಲ—ವಿ.ಆರ್. ಯಂತ್ರ. ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲಿನ ಕೋಣೆ ಮಾಯವಾಗಿ ಟೊಮೆಟೊ ಹೊಲ ಎದ್ದು ನಿಲ್ಲುತ್ತದೆ. ಆ ಹೊಲವನ್ನು ಕಟ್ಟಿದವಳು ಇದೇ ರಾಣೆಬೆನ್ನೂರಿನ ಭುವನಾ. ಒಂದು ಗಿಡದ ಹೂವಿನ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಿಂದ ಹಚ್ಚಿ ಬೀಜದ ಕಂಪನಿಗಳಿಗೆ ಮಿಶ್ರತಳಿ ಬೀಜ ಮಾಡಿಕೊಡುವ ‘ಕ್ರಾಸಿಂಗ್’ ಕೆಲಸವನ್ನು ಹೊಸಬರಿಗೆ ಕಲಿಸಲೆಂದೇ ಅವಳು ಸಂಸ್ಥೆ ತೆರೆದಿದ್ದಳು. ನನ್ನ ವಾರಿಗೆಯ ಹುಡುಗಿ ಒಂದು ಹೊಲವನ್ನೇ ಹುಟ್ಟಿಸಿದ್ದಾಳೆ! ಅವಳತ್ತ ನೋಡಲೂ ನನಗೆ ಸಂಕೋಚವಾಯಿತು.

ನಾನು ಮಹಮೂದಾಬೇಗಂ ಅಕ್ಕನ ಸ್ಕೂಟರ್ ಓಡಿಸುವವಳು. ಅಕ್ಕ ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಈಗ ಸ್ವಂತ ಪತ್ತೇದಾರಿಕೆ ನಡೆಸುತ್ತಾರೆ.

"ಇನ್ನೊಂದು ಕೊಂಡ್ರಾತಲ್ಲವಾ?" ಎಂದರು ಅಕ್ಕ.

"ಕನ್ನಡಕ ಸಿಗತೈತ್ರಿ. ಒಳಗಿನ ಕೈ ಎಲ್ಲಿಂದ ತರ್ಲಿ?" ಎಂದಳು ಭುವನಾ.

"ಯಾರ ಕೈ?"

"ಮರಿಯವ್ವಂದು."

ದೇವರಗುಡ್ಡದ ಮರಿಯವ್ವ ಕ್ರಾಸಿಂಗಿನಲ್ಲಿ ಹೆಸರಾದ ಹೆಂಗಸು. ಅವಳ ಬೆರಳುಗಳ ಒಂದೊಂದು ಚಲನೆಯನ್ನೂ ಭುವನಾ ಯಂತ್ರದೊಳಗೆ ಹಿಡಿದಿಟ್ಟಿದ್ದಳು. ಕಲಿಯುವವರು ಆ ಕೈಗಳೊಳಗೆ ತಮ್ಮ ಕೈ ತೂರಿಸಿ ಕೆಲಸ ಮಾಡಬೇಕು. ಅದಾದ ಮೇಲೆ ಮರಿಯವ್ವನಿಗೆ ನಡುಕದ ಕಾಯಿಲೆ ಹತ್ತಿತು. ಈಗ ಅವಳ ಕೈಯಲ್ಲಿ ಚಹಾದ ಕಪ್ಪೂ ನಿಲ್ಲುವುದಿಲ್ಲ.

"ನಕಲು?"

"ಇವತ್ತ ತೆಗೀಬೇಕಂತ ಮಾಡಿದ್ದೆರಿ." ಭುವನಾ ಖಾಲಿ ವೈರನ್ನು ಕೈಗೆತ್ತಿಕೊಂಡಳು. "ಮಧ್ಯಾಹ್ನ ಬೀಜದ ಕಂಪನಿಯವ್ರು ನೋಡಾಕ ಬರ್ತಾರ. ಅವರು ಹೋದ್ರ ಹೋಗ್ಲಿ, ಆ ಕೈ ಮತ್ತ ಹುಟ್ಟೂದಿಲ್ಲ!"

ನಿನ್ನೆ ಸಂಜೆ ಭುವನಾ ಫೋನಿನಲ್ಲಿ ಮಾತಾಡಲು ಕೆಳಗಿಳಿದಿದ್ದಳು. ಆಗ ಇಲ್ಲಿ ಬಂದು ಹೋದವರು ಮೂವರು. ಪಾಲುದಾರ ವೀರೇಂದ್ರ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗ. ಹಾವೇರಿಯಿಂದ ಬಂದಿದ್ದ ಶ್ವೇತಾ, ಇನ್ನೊಂದು ಬೀಜ ಕಂಪನಿಯ ಅಧಿಕಾರಿ. ಮತ್ತೆ, ಯಂತ್ರದೊಳಗೆ ತನ್ನ ಕೈಗಳು ಹೇಗೆ ಕಾಣುತ್ತವೆಂದು ನೋಡಲು ಬಂದಿದ್ದ ಮರಿಯವ್ವ.

"ಕೀಲಿ ಹಾಕಿದವ್ರು?"

"ನಾನ," ಎಂದ ಅಲ್ಲೇ ನಿಂತಿದ್ದ ವೀರೇಂದ್ರ.

"ಕನ್ನಡಕ ಐತೋ ಇಲ್ಲೋ ನೋಡಿದ್ಯಾ?"

"ದಿನಾ ಇರೂದನ್ನ ಯಾರು ನೋಡ್ತಾರ್ರಿ?"

"ಕಳ್ಳರು ನೋಡ್ತಾರಪಾ."

ವೀರೇಂದ್ರನ ಮುಖ ಕೆಂಪಾಯಿತು. ಫೋನ್ ಮಾಡಿದ್ದಕ್ಕೆ ಬಂದಿದ್ದ ಶ್ವೇತಾ ತಾನೇ ಮಾತು ತೆಗೆದಳು.

"ನನ್ನ ಮ್ಯಾಲೇ ಅನುಮಾನ, ಗೊತ್ತೈತ್ರಿ. ಯಂತ್ರ ನಮಗ ಮಾರು ಅಂದೆ, ಈಕಿ ಒಲ್ಲೆ ಅಂದ್ಲು. ಹಂಗಂತ ಕದೀತೇನೇನ್ರಿ? ಮರಿಯವ್ವ ಇನ್ನೂ ಇಲ್ಲೇ ಕುಂತಿದ್ಲು, ನಾ ಹೋದೆ."

ಕನ್ನಡಕದೊಳಗೆ ಕೊನೆಗೆ ಕಂಡ ಚಿತ್ರ ಕಂಪ್ಯೂಟರಿನ ಪರದೆಯ ಮೇಲೆ ಹಾಗೇ ನಿಂತಿತ್ತು. ಅಕ್ಕ ಅದರ ಮುಂದೆ ಕುಳಿತರು. ಸಾಲುಸಾಲು ಗಿಡ. ಮೊಗ್ಗುಗಳನ್ನು ಬಿಡಿಸಿ, ಒಳಗಿನ ಹಳದಿ ಕೇಸರ ಕಿತ್ತು ತೆಗೆದಿದ್ದರು. ಒಂದು ಹೂವೂ ಹರಿದಿರಲಿಲ್ಲ.

"ಯಾರೋ ಪಾಠ ಅರ್ಧಕ್ಕ ಬಿಟ್ಟಾರ. ಪರಾಗ ಹಚ್ಚೇ ಇಲ್ಲ," ಎಂದ ವೀರೇಂದ್ರ.

"ನಿಮ್ಮ ಪಾಠದಾಗ ಯಾವಾಗ ಹಚ್ಚಬೇಕು?"

"ಕೇಸರ ಕಿತ್ತ ಕೂಡ್ಲೆ. ಪರಾಗ ಹಚ್ಚೋ ಗುಂಡಿ ಗಿಡದ ಪಕ್ಕ ತಾನ ಮಿಂಚತೈತಿ."

ಅಕ್ಕ ಭುವನಾಳತ್ತ ತಿರುಗಿದರು. "ಕಲಿಯೋರ ಕೈ ಅಲುಗಾಡಿದ್ರ?"

"ಯಂತ್ರ ಅಲುಗಾಟ ತೆಗೆದು ನೆಟ್ಟಗ ತೋರಸತೈತ್ರಿ. ಹೊಸಬರಿಗೆ ಬ್ಯಾಸರ ಆಗಬಾರದಂತ ನಾನ ಹಂಗ—" ಅವಳ ಕಣ್ಣು ಅಗಲವಾದವು.

"ಸ್ಕೂಟರ್ ತೆಗಿ," ಎಂದರು ಅಕ್ಕ ನನಗೆ. "ದೇವರಗುಡ್ಡಕ್ಕ."

ಭುವನಾ, ವೀರೇಂದ್ರ ಬೈಕಿನಲ್ಲಿ ಹಿಂದೆ ಬಂದರು.

ಮರಿಯವ್ವ ಮನೆಯ ಅಂಗಳದಲ್ಲಿ ಕುಳಿತಿದ್ದಳು. ಕಣ್ಣಿಗೆ ಕನ್ನಡಕ. ಎರಡೂ ಕೈ ಗಾಳಿಯಲ್ಲಿ ಗಡಗಡ ನಡುಗುತ್ತ ಏನನ್ನೋ ಮುಟ್ಟಿ ಮುಟ್ಟಿ ಮುಂದೆ ಸರಿಯುತ್ತಿದ್ದವು.

"ಕಳ್ಳಿ ಈಕಿನ," ಎಂದರು ಅಕ್ಕ ಮೆಲ್ಲಗೆ. "ಹೊಲದಾಗ ಸಂಜೀಕ ಕೇಸರ ಕೀಳ್ತಾರ, ಮರುದಿನ ಮುಂಜಾನಿ ಪರಾಗ ಹಚ್ಚತಾರ. ಶ್ವೇತಾಗೂ ಗೊತ್ತು, ನಿನಗೂ ಗೊತ್ತು ವೀರೇಂದ್ರ. ಆದ್ರ ನಿಮಗದು ಆಟದ ಹೊಲ, ಗುಂಡಿ ಮಿಂಚಿದ್ರ ಅಲ್ಲೇ ಒತ್ತಿಬಿಡ್ತಿದ್ರಿ. ಮುಂಜಾನಿಗಂತ ಬಿಟ್ಟಾಕಿಗೆ ಅದು ಖರೇ ಹೊಲ. ಈ ಕೈಲೆ ಏನಾದೀತು ಅಂತ ಆಕಿನ್ನ ಯಾರೂ ಲೆಕ್ಕಕ್ಕ ಹಿಡೀಲಿಲ್ಲ; ಯಂತ್ರ ಆ ನಡುಕಾ ಅಳಸೂದು ಯಾರ ನೆನಪಿಗೂ ಬರ್ಲಿಲ್ಲ."

ಮರಿಯವ್ವ ಕನ್ನಡಕ ತೆಗೆಯಲಿಲ್ಲ. "ಬೈತೀರೇನು? ಬೈರಿ. ಬಿಸಲೇರಿದ್ರ ಹೂವು ಕೆಡ್ತಾವ. ನಿಮ್ಮ ಆಫೀಸು ಬಾಗಲಾ ತೆಗಿಯೂದ ತಡಾ. ಕಿತ್ತಿಟ್ಟ ಹೂವು ಹಂಗ ಬಿಡ್ಲೇನು?"

"ಒಂದ ಮಾತು ಕೇಳಬೇಕಿತ್ತಲ್ಲಬೇ ಅವ್ವಾ?" ಎಂದಳು ಭುವನಾ.

"ಕೇಳಿದ್ರ ನಗತಿದ್ರಿ."

ವೀರೇಂದ್ರ ಆಗಲೇ ನಕ್ಕಿದ್ದ. "ಅವ್ವಾ, ಅವು ಹೂವಲ್ಲಬೇ!"

"ಸುಮ್ನಿರೋ!" ಭುವನಾ ಗದರಿದಳು. ತನ್ನ ಫೋನನ್ನು ಕನ್ನಡಕಕ್ಕೆ ಜೋಡಿಸಿ ನಮ್ಮ ಮುಂದೆ ಹಿಡಿದಳು.

ನಾನು ನೋಡಿದೆ. ಅಂಗಳದಲ್ಲಿ ನಡುಗುತ್ತಿದ್ದ ಅದೇ ಕೈ ಫೋನಿನ ಪರದೆಯೊಳಗೆ ನಿಶ್ಚಲವಾಗಿತ್ತು. ಪರಾಗ ತುಂಬಿಕೊಳ್ಳಲೆಂದು ಹೆಬ್ಬೆರಳಿಗೆ ತೊಟ್ಟ ಉಂಗುರದಲ್ಲಿ ಹಳದಿ ಪುಡಿ. ಹೂವಿನ ತುದಿ ಅದರಲ್ಲಿ ಮುಳುಗಿತು, ಮೇಲೆದ್ದಿತು. ಮತ್ತೊಂದು ಹೂವು.

"ಕಲಿಸಾಕಂತ ಮಾಡಿದ್ದೆರಿ ಅಕ್ಕಾ," ಎಂದಳು ಭುವನಾ. "ಹಿಂಗೂ ಆಗತೈತಿ ಅಂತ ನನಗ ಗೊತ್ತಿದ್ದಿಲ್ಲ."

"ಲಗೂ ಇಸ್ಕೋ," ಎಂದ ವೀರೇಂದ್ರ. "ಕಂಪನಿಯವ್ರು ಬರೂ ಹೊತ್ತಾತು."

ಭುವನಾ ಕನ್ನಡಕ ಕೇಳಲಿಲ್ಲ. ಕಂಪನಿಗೆ ಫೋನ್ ಹಚ್ಚಿದಳು.

"ಆಫೀಸಿಗೆ ಬ್ಯಾಡ್ರಿ ಸರ, ಸೀದಾ ದೇವರಗುಡ್ಡಕ್ಕ ಬರ್ರಿ. ಜಲ್ದಿ ಬರ್ರಿ—ಅವ್ವಾರದು ಇನ್ನ ಅರ್ಧಾ ಸಾಲು ಅಷ್ಟ ಉಳದೈತಿ."